ಜಮಖಂಡಿಯ ತಾಲೀಮು

ಬೈರಿದೇವರಕೊಪ್ಪ, ಹುಬ್ಬಳ್ಳಿ
ಫೆಬ್ರುವರಿ 11, ಮಂಗಳವಾರ

ನನ್ನ ಮುದ್ದಿನ ಜೋಯಾ,

ಅಬ್ಬಾನ ದುವಾ. ಭೋಪಾಲದ ಚಳಿಗೆ ನಿನ್ನ ಕೆಮ್ಮು ಮರುಕಳಿಸಿದೆಯೆಂದು ಅಮ್ಮಿ ಹೇಳಿದಳು. ಅಲ್ಲಿನ ಮಕ್ಕಳಿಗೆ ನಾಟಕ ಬರೆಯುವುದನ್ನು ಕಲಿಸುವ ಭರದಲ್ಲಿ ಗಂಟಲು ಕೆಡಿಸಿಕೊಳ್ಳಬೇಡ, ಬಿಸಿನೀರು ಕುಡಿಯುತ್ತಿರು. ನನ್ನ ಸಕ್ಕರೆ ಹತೋಟಿಯಲ್ಲಿದೆ. ಅಮ್ಮಿಯ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇನ್ನೊಂದು ವಿಷಯ ಫೋನಿನಲ್ಲಿ ಹೇಳಲು ಮೂರು ದಿನದಿಂದ ನೋಡಿದೆ, ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಶನಿವಾರ ಸಂಜೆ ಧಾರವಾಡದಲ್ಲಿ ನಿನ್ನ ಹೊಸ ನಾಟಕ ನಡುವೆ ನಿಂತ ಸುದ್ದಿ ನಿನಗೆ ಮುಟ್ಟಿರಬೇಕು. ಯಾರೋ ಮುದುಕ ಗದ್ದಲ ಮಾಡಿದ ಎಂದಷ್ಟೇ ಹನುಮೇಶ ಹೇಳಿರುತ್ತಾನೆ. ನಿನ್ನ ನಾಟಕ ಆಡಿಸುವ ಆ ಹುಡುಗ ನನ್ನ ಮಾನ ಕಾಯುವವನು. ಆ ಮುದುಕ ನಾನೇ. ನಿನಗೆ ದಿಲ್ಲಿಯಲ್ಲಿ ಪ್ರಶಸ್ತಿ ಬಂದಾಗ ‘ನನ್ನ ಕಂಪನಿಯ ಪರದೆಯ ಹಿಂದೆ ಬೆಳೆದ ಕೂಸು’ ಎಂದು ಪತ್ರಿಕೆಯವರ ಮುಂದೆ ಎದೆ ಉಬ್ಬಿಸಿದ್ದೆ. ಆದರೆ ನಿನ್ನ ನಾಟಕ ಒಂದನ್ನೂ ನೋಡಿರಲಿಲ್ಲ. ಕಂಪನಿ ನಾಟಕ ಆಡಿಸಿ, ಸಿನಿಮಾ ತೆಗೆದು, ಟಿವಿಗೆ ಧಾರಾವಾಹಿ ಮಾಡಿದವನಿಗೆ ಮಗಳ ಹೆಸರು ತನ್ನ ಹೆಸರಿಗಿಂತ ದೊಡ್ಡದಾಗುವುದು ಹೇಗಿರುತ್ತದೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮಿಯೇ ಹಟ ಹಿಡಿದು ಈ ಸಲ ಕರೆದೊಯ್ದಳು.

ಮೊದಲ ಅಂಕ ಛಲೋ ಇತ್ತು ಮಗಳೇ. ಕಂಪನಿ ಮಾಲೀಕ ಟಿಕೆಟ್ ಕಿಟಕಿಯಲ್ಲಿ ಇಣುಕುವುದು ನೋಡಿ ನಕ್ಕೆ, ನನ್ನದೇ ಚಾಳಿ. ಎರಡನೆಯ ಅಂಕದಲ್ಲಿ ಅವನ ಹೆಂಡತಿ ತಾಲೀಮಿನಲ್ಲಿ ಮಾತು ಮರೆಯುತ್ತಾಳೆ, ಅವನು ಎಲ್ಲರೆದುರು ಕೆನ್ನೆಗೆ ಬಾರಿಸುತ್ತಾನೆ. ನಾನು ಎದ್ದು ನಿಂತಿದ್ದು ನನಗೇ ತಿಳಿಯಲಿಲ್ಲ. “ಸುಳ್ಳ! ನಾ ಎಂದೂ ಆಕಿ ಮ್ಯಾಲೆ ಕೈ ಎತ್ತಿಲ್ಲ!” ಎಂದು ಕೂಗಿದೆ. ಹೆಂಡತಿಯ ಪಾತ್ರದ ಗಾರ್ಗಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಳು. ಜನ ತಿರುಗಿ ನೋಡಿದರು. “ಬಡೇಸಾಬರಲ್ಲೇನು?” ಎಂದು ಯಾರೋ ಅಂದರು. ಅಮ್ಮಿ ನನ್ನ ಜುಬ್ಬದ ತುದಿ ಹಿಡಿದು ಜಗ್ಗಿದಳು. ದನಿ ಏರಿಸಲೇ ಇಲ್ಲ. “ಎತ್ತೀರಿ. ಜಮಖಂಡ್ಯಾಗ, ತಾಲೀಮಿನ್ಯಾಗ. ಕುಂದರ್ರಿ.”

ಪರದೆ ಬಿತ್ತು. ನನ್ನ ಕಂಪನಿಯ ಆಟದ ನಡುವೆ ಕೂಸು ಅತ್ತರೂ ತಾಯಿಯನ್ನು ಡೇರೆಯಿಂದ ಹೊರಗೆ ಕಳಿಸುತ್ತಿದ್ದವನು ನಾನು. ಬಣ್ಣದ ಮನೆಗೆ ಹೋಗಿ ಕೈಮುಗಿದೆ. ಗಾರ್ಗಿ ಗಾಬರಿಯಾಗಿ, “ಕಾಕಾ, ನಂದೇನರ ತಪ್ಪಾತೇನ್ರಿ?” ಎಂದಳು. ಹನುಮೇಶ ಆಟ ಮುಂದುವರಿಸಿದ. ಅಮ್ಮಿ ಒಳಗೆ ಕುಳಿತು ಕೊನೆಯವರೆಗೆ ನೋಡಿದಳು. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ, ಪ್ರೇಕ್ಷಕರ ಚಪ್ಪಾಳೆ ಕೇಳಿಸುತ್ತಿತ್ತು.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ ಕಂಪನಿಯ ಜಮಖಂಡಿ ಕ್ಯಾಂಪನ್ನು ನೆನಪಿಸಿಕೊಂಡೆ. ಡೇರೆಯ ಬಣ್ಣ, ಬಾಗಿಲಿಗೆ ಬಂದು ಜಗಳ ತೆಗೆದ ಗೌಡ, ಅಮ್ಮಿ ಉಟ್ಟ ಹಸಿರು ಇಳಕಲ್ ಸೀರೆ, ಒನ್ಸ್‌ಮೋರ್ ಕೂಗು, ಎಲ್ಲ ಬಂತು. ಹೊಡೆದದ್ದು ಬರಲಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ. ಆಕೆ ಇಷ್ಟು ವರ್ಷ ಹೊತ್ತುಕೊಂಡು ನನಗೆ ರೊಟ್ಟಿ ಬಡಿದು ಹಾಕಿದ ಸಂಗತಿ ನನ್ನ ತಲೆಯಲ್ಲಿ ಒಂದು ಗಳಿಗೆಯೂ ಉಳಿದಿಲ್ಲವಲ್ಲ, ಈ ನಾಚಿಕೆಯನ್ನು ಎಲ್ಲಿಡಲಿ? ನಿನ್ನನ್ನು ನಾಲ್ಕು ಜನರೆದುರು ಸುಳ್ಳುಗಾರ್ತಿ ಎಂದೆ. ಆಗುವುದಾದರೆ ಕ್ಷಮಿಸು. ಆಗದಿದ್ದರೂ ಕಾಗದ ಬರೆ.

ನಿನ್ನ ಲೇಖನಿಗೆ ಅಲ್ಲಾಹನ ಬರಕತ್ತು ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮಿಯ ಮುತ್ತುಗಳು.

ನಿನ್ನ ಅಬ್ಬಾ,
ಬಡೇಸಾಬ

ತಾ.ಕ.: ಲಕೋಟೆ ಅಂಟಿಸುವವನಿದ್ದೆ, ಅಮ್ಮಿಯ ಕ್ಷಮೆ ಕೇಳದೆ ಅಂಟಿಸಬಾರದೆಂದು ಅಡುಗೆಮನೆಗೆ ಹೋದೆ. ಅಮ್ಮಿ ಹೇಳಿದಳು: “ಅವತ್ತ ನಾ ಮಾತ ಮರತಿದ್ದಿಲ್ರಿ. ಮುಂಜಾನಿ ನೀವ ಆ ಮಾತ ಬದಲಿ ಮಾಡಿದ್ರಿ, ನನಗ ಹೇಳಿದ್ದಿಲ್ಲ. ಮಗಳಿಗೆ ಈ ಸಂಗತಿ ಹೇಳುಮುಂದ ನಿಮ್ಮನ್ನ ಅಷ್ಟ ಸಣ್ಣಾವ್ರನ್ನ ಮಾಡೋದು ಬ್ಯಾಡಂತ ನಾನ ಮರತೆ ಅಂದೆ.” ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಆಟವಿದೆ. ಅಷ್ಟರೊಳಗೆ ಆ ದೃಶ್ಯ ತಿದ್ದಿ ಹನುಮೇಶನಿಗೆ ಕಳಿಸು. ಅವಳು ಮರೆತಿರಲಿಲ್ಲ.