ಕುಪ್ಪುಸ್ವಾಮಿಯ ‘ನೋ ಸಾರ್’

ಬಂಗಾರಪೇಟೆ
14-9-1958, ಭಾನುವಾರ

ಪ್ರೀತಿಯ ಮಗಳು ಗಂಗರತ್ನಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ನರ್ಸ್ ತರಬೇತಿ ನಿನ್ನನ್ನು ಹಿಂಡಿ ಹಾಕುತ್ತಿದೆ ಎಂದು ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ದುಂಡಗೆ ಬರೆಯುತ್ತಿದ್ದವಳು ಈಗ ಔಷಧಿ ಚೀಟಿಯ ಹಾಗೆ ಗೀಚುತ್ತೀಯ. ಬೆಂಗಳೂರಿನಲ್ಲಿ ಮಳೆಯ ಚಳಿ ಶುರುವಾಗಿರಬೇಕು, ಬೆಳಗಿನ ಡ್ಯೂಟಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಮ್ಮ ಚೆನ್ನಾಗಿದ್ದಾಳೆ. ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ಅತ್ತ ಬರುವವರು ಸಿಕ್ಕಿದರೆ ಕಳುಹಿಸುತ್ತೇನೆ. ನನ್ನ ಮಂಡಿ ಮಾತ್ರ ಮಾತು ಕೇಳುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳ ಮುಂದೆ ಕುರ್ಚಿ ಹಿಡಿದುಕೊಂಡು ಏಳುವಂತಾಗಿದೆ.

ವಾರಕ್ಕೆರಡು ಸಂಜೆ, ಮಂಗಳವಾರ ಮತ್ತು ಶುಕ್ರವಾರ, ಸ್ಕೂಲು ಬಿಟ್ಟ ಮೇಲೆ ಮಾರಿಕುಪ್ಪಂ ರೈಲು ಹತ್ತಿ ನಂದಿದುರ್ಗ ಚಿನ್ನದ ಗಣಿಯ ಲೈನ್‌ಮನೆಗಳಿಗೆ ಹೋಗಿ ಅಲ್ಲಿಯ ಕೆಲಸದವರಿಗೆ ಇಂಗ್ಲಿಷ್ ಹೇಳಿಕೊಡುವುದು ಇನ್ನೂ ನಡೆದಿದೆ. ‘ನೆಲದೊಳಕ್ಕೆ ಇಳಿಯೋರು ಅವರು, ಸುಸ್ತಾಗೋದು ನಿಮಗೆ’ ಎಂದು ನಿನ್ನಮ್ಮ ಕುಟುಕುತ್ತಾಳೆ. ನಿಜವೇ. ವ್ಯಾಕರಣ ಬೇಡ, ದಿನ ಬೆಳಗಾದರೆ ಬೇಕಾಗುವ ಮಾತು ಕಲಿಸಿ ಎಂದು ಅವರು ಕೇಳಿದ್ದರಿಂದ ಒಂದು ದಿನ ನಾನು ಟಿಕೆಟ್ ಕೊಡುವ ಬಾಬು, ಇನ್ನೊಂದು ದಿನ ಪೋಸ್ಟ್ ಮಾಸ್ತರ. ಸೊಣ್ಣಪ್ಪ ಅಂತ ಒಬ್ಬನಿದ್ದಾನೆ, ನಲವತ್ತು ದಾಟಿದವನು. ಕಲಿತ ಹುಮ್ಮಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿ ‘ಒನ್ ಟಿಕೆಟ್ ಪ್ಲೀಸ್’ ಅಂದರೆ ಬಾಬು ತೆಲುಗಿನಲ್ಲಿ ‘ಯಾವೂರಿಗಯ್ಯಾ’ ಎಂದು ಕೇಳಿದನಂತೆ. ನನ್ನ ಪಾಠ ದಂಡವಾಯಿತು ಎಂದು ಅವತ್ತೆಲ್ಲ ನಕ್ಕರು.

ಹೋದ ತಿಂಗಳು ಆಸ್ಪತ್ರೆಯ ಪಾಠ ಮಾಡಿದೆ. ಡಾಕ್ಟರುಗಳು ಕೇಳುವ ಪ್ರಶ್ನೆಗಳನ್ನು ನೀನು ಬರೆದು ಕಳುಹಿಸಿದ್ದೆಯಲ್ಲ, ಅದನ್ನೇ ಹಲಗೆಯ ಮೇಲೆ ಬರೆದೆ. ಡಾಕ್ಟರ ಮುಂದೆ ಊರ ಪುರಾಣ ಬೇಡ, ಯೆಸ್ ಸಾರ್ ಅಥವಾ ನೋ ಸಾರ್, ಅಷ್ಟು ಸಾಕು ಎಂದೆ. ಹಾಗೆಂದದ್ದು ನಾನು, ನಿನ್ನ ಕಾಗದದಲ್ಲಿ ಅದು ಇರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕಲಿತವನು ಕುಪ್ಪುಸ್ವಾಮಿ. ಹದಿನೆಂಟು ವರ್ಷ ಕೆಳಗೆ ಬಂಡೆ ಕೊರೆದವನು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ. ಪಾಠದ ನಡುವೆ ಕೆಮ್ಮು ಬಂದರೆ ಹೊರಗೆ ಹೋಗಿ ಗೋಡೆ ಹಿಡಿದು ನಿಂತುಬಿಡುತ್ತಾನೆ. ಡಾಕ್ಟರು ಒಂದು ಚೀಟಿ ಬರೆದರೆ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಧೂಳು ಕಂಡರೆ ಅವನಿಗೆ ಮೇಲೆ ಬಯಲಿನಲ್ಲಿ ಕೆಲಸ ಸಿಗುತ್ತದೆ. ಅವನ ಹೆಂಡತಿ ಕದಿರಮ್ಮ ಆ ಚೀಟಿಗಾಗಿ ಪ್ರತಿ ಶುಕ್ರವಾರ ಉಪವಾಸ ಮಾಡುತ್ತಿದ್ದಳು.

ಮೊನ್ನೆ ಗುರುವಾರ ಗಣಿ ಆಸ್ಪತ್ರೆಯ ವರ್ಷದ ತಪಾಸಣೆಗೆ ಅವನ ಸರದಿ ಬಂತು. ಡಾಕ್ಟರು ಹೊಸಬರು, ನಮ್ಮ ಕಡೆಯ ಯಾವ ಭಾಷೆಯೂ ಬಾರದವರು. ಯಾವಾಗಲೂ ಕಾಂಪೌಂಡರ್ ನಿಂತು ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುತ್ತಾನೆ. ಕುಪ್ಪುಸ್ವಾಮಿ ಅವನನ್ನು ‘ನೀನ್ ಓಗು ಸಾಮಿ, ನಾನೇ ಮಾತಾಡ್ತೀನಿ’ ಎಂದು ಕಳುಹಿಸಿಬಿಟ್ಟನಂತೆ. ಡಾಕ್ಟರು ‘ಯೂ ಡೋಂಟ್ ಹ್ಯಾವ್ ಕಾಫ್?’ ಎಂದರು. ನಿನಗೆ ಕೆಮ್ಮಿಲ್ಲ ತಾನೆ ಎಂದು ನಮ್ಮವರನ್ನು ಕೇಳಿದರೆ ಕೆಮ್ಮು ಇರುವವನು ಏನೆನ್ನುತ್ತಾನೆ ಹೇಳು. ‘ಇಲ್ಲ ಸಾರ್, ಐತೆ’ ಎನ್ನುತ್ತಾನೆ. ಆ ಇಲ್ಲ ಅನ್ನುವುದು ಕೆಮ್ಮಿಗಲ್ಲ, ಕೇಳಿದವರ ಮಾತಿಗೆ. ಕುಪ್ಪುಸ್ವಾಮಿ ಆ ಇಲ್ಲವನ್ನೇ ಇಂಗ್ಲಿಷ್ ಮಾಡಿ ‘ನೋ ಸಾರ್’ ಎಂದ. ನಾನು ಕಲಿಸಿದಂತೆ ಅಷ್ಟಕ್ಕೇ ನಿಲ್ಲಿಸಿದ. ಡಾಕ್ಟರಿಗೆ ಅದು ಕೆಮ್ಮಿಲ್ಲ ಎಂದೇ ಕೇಳಿಸಿತು. ‘ನೋ ಬ್ರೀದಿಂಗ್ ಟ್ರಬಲ್?’, ಉಸಿರಿನ ತೊಂದರೆ ಇಲ್ಲ ತಾನೆ ಎಂದರು. ಅದಕ್ಕೂ ‘ನೋ ಸಾರ್’. ಹಾಳಾದ ಕೆಮ್ಮು ಆ ಎರಡು ನಿಮಿಷ ಬರಲೂ ಇಲ್ಲ. ಎದೆಗೆ ಕೊಳವೆ ಇಟ್ಟ ಹಾಗೆ ಮಾಡಿ, ಫಿಟ್ ಎಂದು ಬರೆದು, ಮುಂದಿನವನನ್ನು ಕರೆದರು. ನಾಳೆಯಿಂದ ಮತ್ತೆ ಕೆಳಗೆ ಇಳಿಯಬೇಕು. ಇನ್ನು ಅವನ ಸರದಿ ಬರುವುದು ಒಂದು ವರ್ಷಕ್ಕೆ. ಅಲ್ಲಿಯವರೆಗೆ ಆ ಎದೆ ತಡೆಯುತ್ತದೆಯೋ ಇಲ್ಲವೋ, ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ನನಗೆ ಸಾಕಾಗಿದೆ ಗಂಗಾ. ಐವತ್ತಮೂರು ವಯಸ್ಸು, ಈ ಮಂಡಿ, ಆ ರೈಲು, ವಾಪಸು ಬರುವಾಗ ನಿಂತೇ ಬರಬೇಕು. ಈ ತಿಂಗಳಿಗೆ ಪಾಠ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೇನೆ. ಕಾಲು ನೋವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿನ್ನಮ್ಮನೂ ನೆಮ್ಮದಿಯಾಗಿರುತ್ತಾಳೆ.

ದೀಪಾವಳಿಗೆ ರಜ ಕೊಟ್ಟರೆ ಎರಡು ದಿನವಾದರೂ ಬಂದು ಹೋಗು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನಮ್ಮ ಹಾರೈಕೆ ತಿಳಿಸು. ನಿನ್ನ ಕೈಯಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ಕೋದಂಡಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮಂಡಿ ನೋವು ನೆಪ. ಡಾಕ್ಟರು ಬೇಕೆಂದೇ ಸುಳ್ಳು ಬರೆದರು ಎಂದು ಕುಪ್ಪುಸ್ವಾಮಿ ನಂಬಿದ್ದಾನೆ. ಶುಕ್ರವಾರ ಎಲ್ಲರ ಎದುರಿಗೆ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿ, ‘ನಾನು ಇಂಗ್ಲಿಷ್‌ನಾಗೆ ಏಳಿದ್ದು ಸರಿಯಾಗೈತಾ ಸಾರ್?’ ಎಂದು ಕೇಳಿದ. ನನಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿದಿತ್ತು. ಆದರೂ, ಸರಿಯಾಗೇ ಹೇಳಿದ್ದೀಯ, ಕೂತುಕೋ ಎಂದೆ. ‘ಥ್ಯಾಂಕ್ಯೂ ಸಾರ್’ ಅಂದು ಕೂತ. ಇವತ್ತು ಅವನಿಗೆ ರಜ, ಮನೆಯಲ್ಲಿರುತ್ತಾನೆ. ಈ ಕಾಗದವನ್ನು ಸ್ಟೇಷನ್ನಿನ ಡಬ್ಬಿಗೆ ಹಾಕಿ ರೈಲು ಹತ್ತುತ್ತೇನೆ. ನಾಳೆ ಅವನ ಜೊತೆ ಆ ಡಾಕ್ಟರ ಮುಂದೆ ನಿಲ್ಲುತ್ತೇನೆ, ಕೇಳುವುದು ಬಿಡುವುದು ಅವರಿಗೆ ಸೇರಿದ್ದು. ಅದಕ್ಕೆ ಮುಂಚೆ ಇವತ್ತೇ ಅವನ ಮನೆಯಲ್ಲಿ, ಕದಿರಮ್ಮನೂ ಇರುವಾಗ, ತಪ್ಪು ಹೇಳಿದವನು ಅವನಲ್ಲ, ತಪ್ಪು ಕಲಿಸಿದವನು ನಾನು ಎಂದು ಹೇಳಬೇಕು.