ಅವ್ವಿಯ ಬಲಗೈ

ಬೊಬ್ರುವಾಡ, ಅಂಕೋಲೆ
ತಾ. ೬-೧೨-೧೯೩೨

ಪ್ರೀತಿಯ ಶಾಂತಾರಾಮಣ್ಣನಿಗೆ ತಂಗಿ ಹೀರಾಳ ನಮಸ್ಕಾರ. ನಿನ್ನ ಕೆಮ್ಮು ಹೇಗಿದೆ? ಕರನಿರಾಕರಣೆ ಮಾಡಿ ಜೈಲಿಗೆ ಹೋದವರಿಗೆಲ್ಲ ಅಲ್ಲಿ ರೊಟ್ಟಿಯೇ ಅಂತೆ. ಗಂಜಿ ಉಂಡು ಬೆಳೆದವನು ನೀನು, ಹೊಟ್ಟೆಗೆ ಒಗ್ಗಿತೋ ಇಲ್ಲವೋ. ನಾವಿಲ್ಲಿ ಸುಖವಾಗಿದ್ದೇವೆ. ಇದು ಬರೀ ಬಾಯಿಮಾತಲ್ಲ, ಮುಂದೆ ಓದು.

ಆಷಾಢದಲ್ಲಿ ಅವ್ವಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದು, ಮಾತು ನಿಂತಿದ್ದು ನಿನಗೆ ಗೊತ್ತೇ ಇದೆ. ಚವತಿ ಹಬ್ಬ ಮುಗಿದ ಮೇಲೆ ಅವಳನ್ನು ಗಾಡಿಯಲ್ಲಿ ಕಾರವಾರಕ್ಕೆ ಕರೆದೊಯ್ದಿದ್ದೆ. ಅಲ್ಲಿಯ ಡಾಕ್ಟರು ಕೈ ಹಿಡಿದು ನೋಡಿ, "ಕೈಗೆ ಏನೂ ಆಗಿಲ್ಲ ತಂಗಿ. ಅದನ್ನು ನಡೆಸುವ ಮಿದುಳಿಗೆ ಪೆಟ್ಟು ಬಿದ್ದಿದೆ. ಇವರು ಜನ್ಮವಿಡೀ ಮಾಡಿದ ಕೆಲಸ ಯಾವುದೋ ಅದನ್ನೇ ಮಾಡಿಸು. ಮಿದುಳು ಮತ್ತೆ ಕಲಿತರೂ ಕಲಿತೀತು" ಅಂದರು. ಔಷಧವಿಲ್ಲದೆ ಕಳಿಸಿದರಲ್ಲ ಎಂದು ದಾರಿಯುದ್ದಕ್ಕೂ ನನಗೆ ಸಿಟ್ಟು.

ಅವ್ವಿಯ ಕೆಲಸವೆಂದರೆ ಬೀಸುವ ಕಲ್ಲಲ್ಲದೆ ಇನ್ನೇನು? ಮನೆಗೆ ಬಂದವಳೇ ಅವಳನ್ನು ಗೋಡೆಗೆ ಒರಗಿಸಿ ಕಲ್ಲಿನ ಮುಂದೆ ಕೂರಿಸಿದೆ. ಅವಳ ಬೆರಳುಗಳನ್ನು ಗೂಟಕ್ಕೆ ಸುತ್ತಿ, ಮೇಲೆ ನನ್ನ ಕೈಯಿಟ್ಟು ತಿರುಗಿಸಿದೆ. ಒದ್ದೆ ಬಟ್ಟೆ ಹಿಡಿದ ಹಾಗಿತ್ತು. ದಿನವೂ ಇದೇ. ಅವಳ ಕಣ್ಣಲ್ಲಿ ನೀರು, ನನಗೂ ಸಾಕೆನಿಸುತ್ತಿತ್ತು. ಒಂದು ಬೆಳಿಗ್ಗೆ ನೆರೆಮನೆಯ ಹೊನ್ನು ಬಂದು ನೋಡಿ, "ಹಾಡಿಲ್ದೇ ಬೀಸೂಕೆ ಆತದ್ಯೇ? ಒಂದ್ ಹಾಡ್ ಹೇಳೇ ಹೀರಾ" ಅಂದಳು.

ನನ್ನ ಗಂಟಲು ನಿನಗೆ ಗೊತ್ತು. ಆದರೂ ಅಂದಿನಿಂದ ಹಾಡುತ್ತ ಬೀಸಿದೆ. ದೀಪಾವಳಿಗೆ ಅಕ್ಕಿ ಬೀಸುವಾಗ ನಡುವೆ ಸಾಲು ಮರೆತು ನಿಂತೆ. ಮುಂದಿನದನ್ನು ಅವ್ವಿ ಹಾಡಿದಳು ಅಣ್ಣಾ. ನೀರು ಬೇಕೆಂದು ಹೇಳಲಾರದವಳು ಒಂದಕ್ಷರ ತೊದಲದೆ ಹಾಡು ಮುಗಿಸಿದಳು. ಬೆರಗಿನಲ್ಲಿ ನಾನು ಕೈ ತೆಗೆದುಬಿಟ್ಟಿದ್ದೆ. ಕಲ್ಲು ನಿಧಾನಕ್ಕೆ ತಿರುಗುತ್ತಲೇ ಇತ್ತು, ಅವಳ ಕೈಯಿಂದಲೇ.

ಈಗ ತುತ್ತು ತಾನೇ ಎತ್ತುತ್ತಾಳೆ, ಅರ್ಧ ಸೀರೆಯ ಮೇಲೆ. ಒರೆಸಲು ಹೋದರೆ ನನ್ನ ಕೈ ತಳ್ಳುತ್ತಾಳೆ. ಆ ಸಿಟ್ಟು ನೋಡಿ ನನಗೆ ಎಷ್ಟು ಹಿಗ್ಗೋ. ಮಾತು ಮಾತ್ರ ಹಾಡಿನಷ್ಟು ಸಲೀಸಾಗಿ ಬರುತ್ತಿಲ್ಲ. ಬಂದೀತು. ಹೊನ್ನು ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಜೋಪಾನ.

ನಿನ್ನ ತಂಗಿ,
ಹೀರಾ

ತಾ.ಕ.: ಟಪಾಲಿನವನು ಅಂಗಳದಲ್ಲೇ ನಿಂತಿದ್ದಾನೆ. ಅವ್ವಿಯ ಸಲುವಾಗಿ ಸರಕಾರಕ್ಕೆ ಮಾಫಿ ಬರೆದುಕೊಟ್ಟು ಬಿಡಿಸಿಕೊಂಡು ಬರಲೇ ಎಂದು ಹಿಂದಿನ ಕಾಗದದಲ್ಲಿ ಕೇಳಿದ್ದೆಯಲ್ಲ, ಅದನ್ನು ಅವಳಿಗೇ ಓದಿ ಹೇಳಿದೆ. ಬಹಳ ಹೊತ್ತು ತುಟಿ ಆಡಿಸಿದಳು. ಆಮೇಲೆ ಅಂದಳು, "ಬ್ಯಾಡ." ನನಗೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಅಂದಳು, ಇನ್ನೂ ಗಟ್ಟಿಯಾಗಿ.