ಇಸ್ತ್ರಿ ಅಕ್ಕನ ಬಾಯಿಗೆ ‘ಐ’ ಇಟ್ಟವರಿಗೆ

ಐ, ವಿ, ಯು, ಹಿ, ಶಿ, ಇಟ್, ದೇ ಎಂಬ ಸಪ್ತ ಮಹನೀಯರೇ, ಅವರನ್ನು ಮೆರವಣಿಗೆಯಲ್ಲಿ ನಮ್ಮ ಲಾಂಡ್ರಿಗೆ ಕರೆತಂದ ಆಸ್ಪತ್ರೆಯ ಮಾನ್ಯ ತರಬೇತಿ ಅಧಿಕಾರಿಗಳೇ,

ನಮ್ಮ ದೂರು ಇಷ್ಟೇ. ಇಸ್ತ್ರಿ ಅಕ್ಕನಿಗೆ ‘ಐ’ ಎನ್ನಲು ಕಲಿಸಿದವರು ತಾವು. ಆ ‘ಐ’ಯನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡು ಅವರನ್ನು ಅಮಾನತು ಮಾಡಿಸಿದವರೂ ತಾವು. ಸೋಮವಾರ ವಜಾ ಆದೇಶ ಹೊರಡುತ್ತದಂತೆ. ಅದಕ್ಕೆ ಮುಂಚೆ ಊರೆಲ್ಲ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇವೆ.

ಸಿಬ್ಬಂದಿಗೆಲ್ಲ ಇಂಗ್ಲಿಷ್ ಕಡ್ಡಾಯ ಎಂದು ತಾವು ಅಪ್ಪಣೆ ಕೊಡಿಸಿದಾಗ ನಾವು ಗೊಣಗಲಿಲ್ಲ. ಪಾಳಿ ಮುಗಿಸಿ, ಸೋಪಿನ ವಾಸನೆಯ ಕೈಗಳನ್ನು ತಮ್ಮ ತರಬೇತಿ ಕೋಣೆಯ ಉದ್ದನೆಯ ಮೇಜಿನ ಮೇಲಿಟ್ಟು ಸರ್ವನಾಮ ಕಲಿತೆವು. ‘ಮೈಸೆಲ್ಫ್’ ಎಂದು ಪರಿಚಯ ಹೇಳಿಕೊಂಡವರನ್ನು ತಿದ್ದಿದಿರಿ: ಮೊದಲು ‘ಐ’ ಬರಬೇಕು, ‘ಮೈಸೆಲ್ಫ್’ ಅದರ ಬೆನ್ನಿಗೆ ಬರುವ ನೆರಳು. ‘ಮೈ’ ಎಂದರೆ ಮುಂದೆ ಒಂದು ವಸ್ತು ಬೇಕು, ‘ಮೈನ್’ ಒಂಟಿಯಾಗಿ ನಿಲ್ಲಬಲ್ಲದು. ಹತ್ತಿರದ ರಾಶಿಗೆ ‘ದೀಸ್’, ದೂರದ ರಾಶಿಗೆ ‘ದೋಸ್’. ಮನುಷ್ಯರಿಗೆ ‘ಹೂ’, ಮೆಷೀನಿಗೆ ‘ವಿಚ್’. ಯಾರೆಂದು ಗೊತ್ತಿಲ್ಲದಿದ್ದರೆ ‘ಸಮ್‌ಬಡಿ’. ನಿರ್ದೇಶಕರಿಗೂ ‘ಯು’, ನೆಲ ಒರೆಸುವವರಿಗೂ ‘ಯು’ ಎಂದಾಗ ನಮಗೆ ಖುಷಿಯಾಯಿತು. ಅವರಿಗೆ ಬೇರೆ, ನಮಗೆ ಬೇರೆ ಎಂದಿಟ್ಟ ಕ್ಯಾಂಟೀನಿನ ಕುರ್ಚಿಗಳು ಮಾತ್ರ ಆ ಪಾಠಕ್ಕೆ ಗೈರುಹಾಜರಾಗಿದ್ದವು.

ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತವರು ಇಸ್ತ್ರಿ ಅಕ್ಕ. ನಮ್ಮಲ್ಲೊಬ್ಬನಿಗೆ ಪ್ರಾಸದ ಚಪಲ. ಅವನು ಕಟ್ಟಿಕೊಟ್ಟ ‘ಐಗೆ ಆಮ್, ವಿಗೆ ಆರ್, ತಪ್ಪಿದ್ರೆ ಸಾರ್ ಬೇಜಾರ್’ ಎಂಬುದನ್ನು ಹಬೆಯ ಪ್ರೆಸ್ಸಿನ ಬುಸುಬುಸು ತಾಳಕ್ಕೆ ಹಾಡಿಕೊಳ್ಳುತ್ತಿದ್ದರು. ಒಂದೇ ತಕರಾರು.

“‘ನಾವು’ ಅಂದ್ರೆ ಸಾರ್ ತಿದ್ತಾರೆ ಕಣ್ರೋ. ಒಬ್ಬೊಬ್ರೇ ಮಾತಾಡ್ಬೇಕಂತೆ. ಒಬ್ಬೊಬ್ರೇ ಮಾತಾಡೋಕೆ ನಮಗೇನು ಹುಚ್ಚಾ?”

ಮಾನ್ಯರೇ, ನಮ್ಮ ಲಾಂಡ್ರಿಗೊಂದು ಕಟ್ಟುಪಾಡಿದೆ. ಏನೇ ಕೆಟ್ಟರೂ ‘ನಮ್ಮಿಂದಾಯ್ತು’ ಎನ್ನುತ್ತೇವೆ. ಇದು ಕಳ್ಳರ ಒಪ್ಪಂದವಲ್ಲ. ಒಂದೊಂದು ಬಟ್ಟೆಯೂ ಹಲವು ಕೈ ದಾಟಿ ಹೊರಹೋಗುವ ಜಾಗದಲ್ಲಿ ಒಬ್ಬರ ಹೆಸರು ಹಿಡಿದರೆ ಅದೇ ಸುಳ್ಳು. ಆಪರೇಷನ್ ಗೌನುಗಳು ಸುಟ್ಟ ದಿನವನ್ನೇ ನೋಡಿ. ತೆಳು ಗೌನುಗಳನ್ನು ದಪ್ಪ ಚಾದರಗಳ ಜೊತೆ ಬೆರೆಸಿ ಕಳಿಸಿದ್ದು ವಿಂಗಡಿಸುವವರು. ಚಾದರಕ್ಕೆಂದು ಏರಿಸಿದ್ದ ಶಾಖವನ್ನು ಇಳಿಸದೆ ಬಿಟ್ಟದ್ದು ಹಬೆ ನೋಡಿಕೊಳ್ಳುವವನು. ಇಳಿಸಿದ್ದಾನೋ ಇಲ್ಲವೋ ನೋಡದೆ ‘ಹ್ಞೂಂ, ನಡೀಲಿ’ ಎಂದದ್ದು ಪಾಳಿ ಮೇಲ್ವಿಚಾರಕ. ಪ್ರೆಸ್ಸಿನ ಮುಚ್ಚಳ ಎಳೆದದ್ದಷ್ಟೇ ಅಕ್ಕ. ಒಂದು ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು, ಯಾರದೋ ಮನೆಯವರು ಕಂಗಾಲಾದರು. ತಪ್ಪು ಸಣ್ಣದೆಂದು ನಾವು ಹೇಳುತ್ತಿಲ್ಲ. ಅದು ಒಬ್ಬರದೆಂದು ತಾವು ಹೇಳುತ್ತಿದ್ದೀರಿ.

ವಿಚಾರಣೆ ನಡೆದದ್ದು ಎಲ್ಲಿ? ಅದೇ ಕೋಣೆ, ಅದೇ ಮೇಜು, ಎದುರು ಕುರ್ಚಿಯಲ್ಲಿ ಅದೇ ತಾವು. ಪ್ರಶ್ನೆ ಇಂಗ್ಲಿಷಿನಲ್ಲಿ. ಅಕ್ಕ ಅದನ್ನು ಪರೀಕ್ಷೆ ಎಂದುಕೊಂಡರು. ಇನ್ನೇನೆಂದುಕೊಳ್ಳಬೇಕಿತ್ತು? ಬಾಗಿಲು ಅರೆ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ನಮ್ಮ ಸರದಿಗಾಗಿ ಕಾದಿದ್ದ ನಮಗೆ ಎಲ್ಲವೂ ಕೇಳಿಸಿತು.

“ಹೂ ಬರ್ನ್ಟ್ ದ ಗೌನ್ಸ್?” ಎಂದಿರಿ.

“ವಿ ಬರ್ನ್ಟ್ ದ ಗೌನ್ಸ್, ಸಾರ್.”

“ವಿ ಅಲ್ಲಮ್ಮ. ನಿಮ್ಮ ಬಗ್ಗೆ ಮಾತ್ರ ಹೇಳಿ. ಐ ಇಂದ ಶುರು ಮಾಡಿ.”

ಅಕ್ಕ ತಿದ್ದಿಕೊಂಡರು. “ಐ ಬರ್ನ್ಟ್ ದ ಗೌನ್ಸ್.”

“ಗುಡ್” ಎಂದಿರಿ.

ಹೊರಗೆ ಬಂದ ಅಕ್ಕನ ಮುಖ ಅರಳಿತ್ತು. “ಪಾಸಾದೆ ಕಣ್ರೋ. ಗುಡ್ ಅಂದ್ರು.”

“ಅಕ್ಕಾ, ಅದು ಪರೀಕ್ಷೆ ಅಲ್ಲ. ವಿಚಾರಣೆ.”

“ಎರಡಕ್ಕೂ ಅದೇ ಸಾರ್ ಅಲ್ವಾ?” ಎಂದರು. ನಮ್ಮಲ್ಲಿ ಯಾರೂ ನಗದಿದ್ದುದನ್ನು ಕಂಡು ಮೆಲ್ಲಗೆ ಬೆಂಚಿನ ಮೇಲೆ ಕೂತರು.

ಆ ‘ಗುಡ್’ ಮೇಷ್ಟ್ರದೋ, ವಿಚಾರಣಾಧಿಕಾರಿಯದೋ? ವ್ಯಾಕರಣಕ್ಕೆ ಕೊಟ್ಟ ಅಂಕವೋ, ಅನ್ನಕ್ಕೆ ಹಾಕಿದ ಕೊಂಕೋ? ಬೆಂಚಿನ ಮೇಲಿದ್ದ ಉಳಿದವರನ್ನು ತಾವು ಒಳಕ್ಕೆ ಕರೆಯಲೇ ಇಲ್ಲ. ‘ಐ’ ಸಿಕ್ಕ ಮೇಲೆ ‘ವಿ’ಯ ಗೊಡವೆ ಯಾಕೆ? ಅಕ್ಕನ ಗಂಡನ ಔಷಧಿ, ಮನೆಯ ಬಾಡಿಗೆ, ಎರಡೂ ಆ ಪ್ರೆಸ್ಸಿನ ಮುಚ್ಚಳಕ್ಕೇ ಜೋತುಬಿದ್ದಿವೆ ಎಂಬುದು ತಮಗೆ ಗೊತ್ತು. ‘ಮೈ ಫ್ಯಾಮಿಲಿ’ ಎಂದು ಅಕ್ಕ ತರಗತಿಯಲ್ಲಿ ಎದ್ದು ನಿಂತು ಹೇಳಿದ್ದನ್ನು ತಾವೇ ಕೇಳಿಸಿಕೊಂಡಿದ್ದೀರಿ.

ಆದ್ದರಿಂದ ಒತ್ತಾಯಿಸುತ್ತೇವೆ: ವಜಾ ಆದೇಶವನ್ನು ತಡೆಯಿರಿ. ಆ ಹೇಳಿಕೆಯನ್ನು ರದ್ದು ಮಾಡಿ. ವಿಚಾರಣೆ ಹೊಸದಾಗಿ, ಬೇರೆ ಕೋಣೆಯಲ್ಲಿ, ಬೇರೆ ಅಧಿಕಾರಿಯ ಮುಂದೆ, ಅಕ್ಕನಿಗೆ ತಿಳಿಯುವ ಮಾತಿನಲ್ಲಿ ನಡೆಯಲಿ. ಬೆಂಚಿನ ಮೇಲಿದ್ದ ನಾವೆಲ್ಲರೂ ಒಳಗೆ ಬಂದು, ಒಂದೇ ಬಾಯಲ್ಲಿ…

ಇಲ್ಲ, ಮಾನ್ಯರೇ. ಇದು ಸುಳ್ಳು. ಸಹಿ ಕೇಳಲು ಹೋದಾಗ ಒಬ್ಬರೂ ತಲೆ ಎತ್ತಲಿಲ್ಲ. “ಮನೆ ನಡೀಬೇಕಲ್ಲಣ್ಣ” ಎಂದರು. ಅವರನ್ನು ದೂರಲಾರೆ. ಈ ಪತ್ರದ ‘ನಾವು’ ಎಂದರೆ ನಾನೊಬ್ಬನೇ. ಸೋಮವಾರ ತಮ್ಮ ಬಾಗಿಲಿಗೆ ಬರುವವನೂ ನಾನೊಬ್ಬನೇ.

ಇಂತಿ, ಏಕವಚನದಲ್ಲಿ,
‘ಹ್ಞೂಂ, ನಡೀಲಿ’ ಎಂದ ಲಾಂಡ್ರಿಯ ಪಾಳಿ ಮೇಲ್ವಿಚಾರಕ